ಮಕ್ಕಳಿಗೊಂದು ಫೋನ್ ಮಾಡಿ

ಮೊನ್ನೆ ಸಂಜೆ ಬಚ್ಚಲೊಲೆಗೆ ಸೌದೆ ಒಟ್ಟಿ ಕೂತಿದ್ದಾಗ ತಂಗಿಯ ಮಗಳು ಕೇಳಿದಳು: “ದೊಡ್ಡಮ್ಮ, ನ್ಯೂಯಾರ್ಕಿನ ಆ ಗೋಪುರಗಳು ಬಿದ್ದ ದಿನ ನೀವು ಅಲ್ಲೇ ಇದ್ರಂತೆ?” ಪತ್ರಿಕೋದ್ಯಮ ಓದುವ ಹುಡುಗಿ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾವಾಗ ಜರ್ಸಿ ಸಿಟಿಯಲ್ಲಿದ್ದೆವು. ನಡುವೆ ಹಡ್ಸನ್ ನದಿ, ಆಚೆ ದಡದಲ್ಲಿ ಮ್ಯಾನ್‌ಹಟನ್. ನಮ್ಮವರು ದಿನಾ ನದಿಯಡಿಯ ರೈಲು ಹಿಡಿದು ವರ್ಲ್ಡ್ ಟ್ರೇಡ್ ಸೆಂಟರ್ ಸ್ಟೇಷನ್ನಿನಲ್ಲಿ ಇಳಿದು ಆಫೀಸಿಗೆ ನಡೆದು ಹೋಗುತ್ತಿದ್ದರು. 2001ರ ಸೆಪ್ಟೆಂಬರ್ 11, ಮಂಗಳವಾರ. ತೊಳೆದಿಟ್ಟಂಥ ನೀಲಿ ಆಕಾಶ. ಅವರು ಎಂಟಕ್ಕೇ ಹೊರಟಿದ್ದರು. ನಾನು ಮಗನಿಗೆ ದೋಸೆ ಹುಯ್ಯುತ್ತಿದ್ದೆ. ಪಕ್ಕದ ಮನೆಯ ಗುಜರಾತಿ ಬೆನ್ ಬಾಗಿಲು ಬಡಿದು, ಟಿವಿ ಹಾಕು ಎಂದರು.

8:46ಕ್ಕೆ ಉತ್ತರದ ಗೋಪುರಕ್ಕೆ ವಿಮಾನ ಬಡಿದಿತ್ತು. ಯಾವುದೋ ಸಣ್ಣ ವಿಮಾನ ದಾರಿ ತಪ್ಪಿರಬೇಕು ಅಂದುಕೊಳ್ಳುತ್ತಿರುವಾಗಲೇ, 9:03ಕ್ಕೆ, ಇನ್ನೊಂದು ಬಂದು ದಕ್ಷಿಣದ ಗೋಪುರಕ್ಕೆ ನುಗ್ಗಿತು. ಕಿಟಕಿಯಲ್ಲಿ ಹೊಗೆ, ಟಿವಿಯಲ್ಲೂ ಅದೇ ಹೊಗೆ. ಯಜಮಾನರ ಆಫೀಸಿಗೆ ಎಷ್ಟು ಸಲ ಫೋನ್ ಮಾಡಿದರೂ ಲೈನ್ ಸಿಗಲಿಲ್ಲ. ಬಾಣಲಿಯಲ್ಲಿ ದೋಸೆ ಸೀದದ್ದು ಮನೆ ತುಂಬ ವಾಸನೆ ಬಂದ ಮೇಲೆಯೇ ಗೊತ್ತಾಗಿದ್ದು.

ಆ ಕಾಲದಲ್ಲಿ ಅಮೆರಿಕದ ಸಂಜೆ ವಾರ್ತೆ ಅಂದರೆ ಮೂವರು: ಎನ್‌ಬಿಸಿಯ ಟಾಮ್ ಬ್ರೋಕಾ, ಸಿಬಿಎಸ್‌ನ ಡ್ಯಾನ್ ರಾದರ್, ಎಬಿಸಿಯ ಪೀಟರ್ ಜೆನ್ನಿಂಗ್ಸ್. ನಮ್ಮ ಮನೆಗೆ ಜೆನ್ನಿಂಗ್ಸ್. ಕೆನಡಾದಲ್ಲಿ ಹುಟ್ಟಿದವರು, ಹೈಸ್ಕೂಲನ್ನೂ ಪೂರೈಸದವರು, ಬೈರೂತ್‌ನಲ್ಲಿ ವರ್ಷಗಟ್ಟಲೆ ವರದಿಗಾರರಾಗಿ ಅರಬ್ ನಾಡನ್ನು ಹತ್ತಿರದಿಂದ ಕಂಡವರು. ಇಂಗ್ಲಿಷ್ ಇನ್ನೂ ರೂಢಿಯಾಗದ ನನಗೆ ಅವರು ಬಿಡಿಸಿ ಬಿಡಿಸಿ ಆಡುವ ಮಾತು ತಿಳಿಯುತ್ತಿತ್ತು. ಆ ಬೆಳಿಗ್ಗೆ ಕುರ್ಚಿಯಲ್ಲಿ ಕೂತವರು ಹೆಚ್ಚುಕಡಿಮೆ 17 ಗಂಟೆ ಅಲ್ಲಿಂದ ಏಳಲಿಲ್ಲ.

9:59ಕ್ಕೆ ಪರದೆಯ ತುಂಬ ಧೂಳೆದ್ದಿತು. ಏನಾಯಿತೆಂದು ಮೊದಲು ಸ್ಟುಡಿಯೋದಲ್ಲಿ ಯಾರಿಗೂ ತಿಳಿಯಲಿಲ್ಲ. ಅಲ್ಲೇ ಸಮೀಪದಲ್ಲಿದ್ದ ವರದಿಗಾರ ಡಾನ್ ಡಾಲರ್ ಕಟ್ಟಡ ಕುಸಿಯಿತು ಎಂದರು. ಒಂದು ಪಕ್ಕ ಕುಸಿಯಿತೇ ಎಂದು ಜೆನ್ನಿಂಗ್ಸ್ ಕೇಳಿದರು. ಅಲ್ಲ, ಇಡೀ ಕಟ್ಟಡ. ಅವರು ನಂಬದೆ ಮತ್ತೊಮ್ಮೆ ಕೇಳಿದರು. ಅದೇ ಉತ್ತರ. ನನ್ನ ಹೊಟ್ಟೆಯೊಳಗೂ ಅದೇ ಪ್ರಶ್ನೆ ತಿರುಗುತ್ತಿತ್ತು. 10:28ಕ್ಕೆ ಇನ್ನೊಂದು ಗೋಪುರವೂ ಬಿತ್ತು.

ಅಂದು ಸುದ್ದಿಗಿಂತ ಗಾಳಿಮಾತೇ ಹೆಚ್ಚು ಓಡುತ್ತಿತ್ತು. ಜೆನ್ನಿಂಗ್ಸ್ ಮಾತ್ರ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುತ್ತಿದ್ದರು. ಒಂದು ಹೊತ್ತಿನಲ್ಲಿ, ತಮ್ಮ ಮಕ್ಕಳ ಜೊತೆ ಈಗಷ್ಟೇ ಮಾತಾಡಿದೆ, ತುಂಬ ಕಂಗೆಟ್ಟಿದ್ದಾರೆ ಎಂದರು. ನಿಮ್ಮ ಮಕ್ಕಳು ಬೇರೆ ಊರಲ್ಲಿದ್ದರೆ ಅವರಿಗೊಂದು ಫೋನ್ ಮಾಡಿ ಎಂದು ನೋಡುವವರಿಗೂ ಹೇಳಿದರು. ಹಾಗೆನ್ನುವಾಗ ಗಂಟಲು ಕಟ್ಟಿತ್ತು. ನಾನು ಮಗನನ್ನು ತೊಡೆಯ ಮೇಲೆ ಎಳೆದುಕೊಂಡು ಅತ್ತೆ.

ಅಂದು ಮ್ಯಾನ್‌ಹಟನ್ನಿನಿಂದ ಸುಮಾರು 5 ಲಕ್ಷ ಜನರನ್ನು ದೋಣಿಗಳಲ್ಲಿ ದಾಟಿಸಿದರು. ಅವರಲ್ಲಿ ನಮ್ಮವರೂ ಒಬ್ಬರು. ಮಧ್ಯಾಹ್ನ ಮೂರಕ್ಕೆ ಬಾಗಿಲಲ್ಲಿ ಬಂದು ನಿಂತರು. ತಲೆ, ಅಂಗಿ, ಬೂಟು, ಎಲ್ಲದರ ಮೇಲೂ ಒಲೆಯ ಬೂದಿಯಂಥ ಧೂಳು. ಮಾತಿಲ್ಲ. ಒಂದು ಚೊಂಬು ನೀರನ್ನು ನಿಂತಲ್ಲೇ ಕುಡಿದರು. ಐದರ ಹೊತ್ತಿಗೆ ಅಮ್ಮನ ಫೋನು ಬಂತು. ತೀರ್ಥಹಳ್ಳಿಯಲ್ಲಿ ಆಗ ನಡುರಾತ್ರಿ ಎರಡೂವರೆ. ಸಂಜೆಯಿಂದ ಡಯಲ್ ಮಾಡುತ್ತಲೇ ಇದ್ದಳಂತೆ. “ಅಳಿಯಂದಿರು ಬಂದ್ರಾ?” ಅಂತಲೇ ಕೇಳಿದಳು. ಬಂದರು ಅಂದೆ.

ಆ ಶನಿವಾರ, 15ರ ಬೆಳಿಗ್ಗೆ, ಜೆನ್ನಿಂಗ್ಸ್ ಸ್ಟುಡಿಯೋಕ್ಕೆ ಮಕ್ಕಳನ್ನೇ ಕರೆಸಿ ಅವರ ಪ್ರಶ್ನೆಗಳಿಗೆ ಉತ್ತರ ಹೇಳಿಸಿದರು. ನನ್ನ ಮಗ ನೆಲದ ಮೇಲೆ ಕೂತು ನೋಡಿದ. ಅದೇ ದಿನ ಅರಿಜೋನಾದ ಮೆಸಾದಲ್ಲಿ, ತಮ್ಮ ಪೆಟ್ರೋಲ್ ಬಂಕಿನ ಮುಂದೆ ನಿಂತಿದ್ದ ಸಿಖ್ಖರೊಬ್ಬರನ್ನು, ಪೇಟ ಗಡ್ಡ ನೋಡಿ, ಒಬ್ಬ ಗುಂಡಿಕ್ಕಿ ಕೊಂದ. ಅವಸರದಲ್ಲಿ ಯಾರನ್ನೋ ಅಪರಾಧಿ ಎಂದುಕೊಂಡರೆ ಎಂಥ ಅನಾಹುತವಾಗುತ್ತದೆ ಎಂಬುದು ನಮ್ಮಂಥವರಿಗೆ ಆ ವಾರ ಅರ್ಥವಾಯಿತು. ನಮ್ಮವರು ಎಷ್ಟೋ ದಿನ ಕತ್ತಲಾಗುವ ಮುಂಚೆಯೇ ಮನೆ ಸೇರುತ್ತಿದ್ದರು.

ಜೆನ್ನಿಂಗ್ಸ್ ಸಿಗರೇಟು ಬಿಟ್ಟು ಸುಮಾರು ಇಪ್ಪತ್ತು ವರ್ಷವಾಗಿತ್ತು. ಆ ಸೆಪ್ಟೆಂಬರಿನಲ್ಲಿ ಮತ್ತೆ ಸೇದಿದೆ ಎಂದು 2005ರ ಏಪ್ರಿಲ್‌ನಲ್ಲಿ ಒಡೆದ ದನಿಯಲ್ಲಿ ಅವರೇ ಟಿವಿಯಲ್ಲಿ ಹೇಳಿದರು. ಆಗಲೇ ಶ್ವಾಸಕೋಶಕ್ಕೆ ಕ್ಯಾನ್ಸರ್ ಹತ್ತಿತ್ತು. ಅದೇ ಆಗಸ್ಟ್ 7ರಂದು ತೀರಿಕೊಂಡರು. 67 ವರ್ಷ.

ಹುಡುಗಿಗೆ ಕೊನೆಗೆ ಹೇಳಿದೆ: “ನಾಳೆ ನೀನೂ ಕ್ಯಾಮೆರಾ ಮುಂದೆ ಕೂರುತ್ತೀಯ. ಆಚೆ ಕಡೆ ಯಾರೋ ಒಬ್ಬಳು ಗಂಡ ಬಂದಾನೋ ಇಲ್ಲವೋ ಅಂತ ನಿನ್ನ ಬಾಯನ್ನೇ ನೋಡುತ್ತಿರುತ್ತಾಳೆ. ತಿಳಿದದ್ದನ್ನಷ್ಟೇ ಹೇಳು ಮಗಳೇ.”