ತೇಪೆಯಲ್ಲ, ಅದೇ ಅರಿವೆ

ಮಕ್ಕಳ ನೆತ್ತಿಯ ಕಲೆಯು ಶಾಲೆಯ ಸ್ಮರಣ ಸಂಚಿಕೆಗೆ ವಿಷಯವಾದೀತೆ ಎಂದು ಕೆಲವರಿಗೆ ಅನಿಸಬಹುದು. ಇಳಕಲ್ಲಿನಲ್ಲಿ ಮೂರು ದಶಕ ಪಾಠ ಹೇಳಿದ ನನಗೆ ಹಾಗೆನಿಸುವುದಿಲ್ಲ. ಬೇಸಿಗೆಯಲ್ಲಿಯೂ ಟೊಪ್ಪಿಗೆ ತೆಗೆಯದ ಹುಡುಗ, ವೇಲನ್ನು ತಲೆಯಿಂದ ಸರಿಸದ ಹುಡುಗಿ ಕೊನೆಯ ಸಾಲಿನಲ್ಲಿ ಆಗಾಗ ಕಂಡುಬಂದಿದ್ದಾರೆ. ಉತ್ತರ ಗೊತ್ತಿದ್ದರೂ ಅವರು ಎದ್ದು ನಿಲ್ಲರು.

ಕುದಿಯುವ ಎಣ್ಣೆ, ಬೆಂಕಿ, ನಾಯಿಯ ಕಡಿತ, ಯಂತ್ರಕ್ಕೆ ಸಿಕ್ಕ ಜಡೆ, ಹೀಗೆ ಕಾರಣಗಳು ಹಲವು. ಹುಟ್ಟಿನಿಂದಲೇ ಬರುವ ದೊಡ್ಡ ಕಪ್ಪು ಮಚ್ಚೆಯೂ ಉಂಟು. ಬಾದಾಮಿಯ ಕಡೆಯ ಒಂದು ಮನೆಯಲ್ಲಿ ಅದರ ಪೂರ್ಣ ವಿಸ್ತಾರ ತಂದೆತಾಯಿಗಳಿಗೆ ತಿಳಿದದ್ದು ಮಗುವಿನ ಜವಳ ತೆಗೆಸಿದ ದಿನ. ಅಂಥ ಮಚ್ಚೆ ಕ್ಯಾನ್ಸರಿಗೆ ತಿರುಗುವ ಸಂಭವ ಕಡಿಮೆಯಾದರೂ ಇಲ್ಲದಿಲ್ಲ, ವೈದ್ಯರಿಗೆ ತೋರಿಸಲೇಬೇಕು.

ನಮ್ಮ ಏಳನೆಯ ತರಗತಿಯ ಒಬ್ಬ ನೇಕಾರರ ಮಗಳಿಗೆ ಎಳವೆಯಲ್ಲಿ ಎಣ್ಣೆ ಬಿದ್ದು ನೆತ್ತಿಯ ಮೂರರಲ್ಲೊಂದು ಭಾಗ ಬೋಳಾಗಿತ್ತು. ತೊಡೆಯ ಚರ್ಮವನ್ನು ತಂದು ಕೂಡಿಸಿದರೆ ಗಾಯ ಮುಚ್ಚುತ್ತದೆ, ಕೂದಲು ಬಾರದು. ನೆತ್ತಿಯ ಚರ್ಮದಡಿಯಲ್ಲಿ ಹಿಗ್ಗದ ಗಟ್ಟಿ ಪೊರೆಯಿರುವುದರಿಂದ ಪಕ್ಕದ ಚರ್ಮವನ್ನು ಎಳೆದು ಹೊಲಿಯುವುದೂ ಕಷ್ಟ. 1957ರಲ್ಲಿ ಅಮೆರಿಕದ ನ್ಯೂಮನ್ ಎಂಬ ವೈದ್ಯರು ಕಿವಿಯ ಮೇಲ್ಭಾಗದ ಚರ್ಮದಡಿ ಬಲೂನನ್ನಿಟ್ಟು ಹಿಗ್ಗಿಸಿದ ವೃತ್ತಾಂತ ಪ್ರಕಟವಾಯಿತು. 1976ರ ಸುಮಾರಿಗೆ ರಾಡೊವನ್ ಎಂಬವರು ಸಿಲಿಕೋನ್ ಚೀಲದಿಂದ ಈ ವಿಧಾನವನ್ನು ಬಳಕೆಗೆ ತಂದರು. ಮೊದಲ ಶಸ್ತ್ರಕ್ರಿಯೆಯಲ್ಲಿ ಕೂದಲಿರುವ ಚರ್ಮದ ಕೆಳಗೆ ಚೀಲವನ್ನಿಟ್ಟು, ಬಳಿಕ ವಾರವಾರವೂ ಸೂಜಿಯಿಂದ ಉಪ್ಪುನೀರು ತುಂಬುತ್ತಾರೆ. ಎರಡು ಮೂರು ತಿಂಗಳಲ್ಲಿ ಚರ್ಮವು ಬಸುರಿಯ ಹೊಟ್ಟೆಯಂತೆ ಹಿಗ್ಗುತ್ತದೆ. ಎರಡನೆಯ ಶಸ್ತ್ರಕ್ರಿಯೆಯಲ್ಲಿ ಚೀಲ ಹೊರತೆಗೆದು, ಕಲೆಯನ್ನು ಕೊಯ್ದು, ಹಿಗ್ಗಿದ ಚರ್ಮವನ್ನು ಅದರ ರಕ್ತನಾಳಗಳ ಸಮೇತ ಅಲ್ಲಿಗೆ ಸರಿಸಿ ಹೊಲಿಯುತ್ತಾರೆ. ಕೂದಲಿನ ಬೇರುಗಳು ಹೆಚ್ಚುವುದಿಲ್ಲ, ಇದ್ದವೇ ತುಸು ದೂರ ದೂರವಾಗುತ್ತವೆ, ನೋಡುವವರಿಗೆ ತಿಳಿಯುವುದಿಲ್ಲ.

ಇದನ್ನು ಕೇಳಿದ ಆಕೆಯ ತಂದೆ, “ಅಂದ್ರ ಬ್ಯಾರೆ ಅರಿವಿ ತ್ಯಾಪಿ ಅಲ್ರಿ, ಅದೇ ಅರಿವಿ” ಎಂದರು. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಮಗ್ಗದ ಮೇಲೆಯೇ ಕುಣಿಕೆ ಹಾಕಿ ಕೂಡಿಸುವ ಇಳಕಲ್ಲಿನ ನೇಕಾರರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ.

ಕಷ್ಟವಿದ್ದದ್ದು ನಡುವಣ ತಿಂಗಳುಗಳಲ್ಲಿ. ತಲೆಯ ಒಂದು ಪಕ್ಕ ತೆಂಗಿನಕಾಯಿಯಷ್ಟು ಉಬ್ಬಿತ್ತು. ಅಜ್ಜಿ ಶಾಲೆಗೆ ಬಂದು, “ಸರ್, ತಲಿ ಊದಿದ ಹುಡುಗೀನ್ನ ಸಾಲಿಗೆ ಹ್ಯಾಂಗ ಕಳಸೂಣ್ರಿ? ಬಿಡಸಿಬಿಡ್ತೀವಿ” ಎಂದು ಕಣ್ಣೊರೆಸಿಕೊಂಡರು. ಆ ವಯಸ್ಸಿನಲ್ಲಿ ಒಮ್ಮೆ ಬಿಟ್ಟ ಹುಡುಗಿಯರು ಮರಳಿ ಬಂದದ್ದನ್ನು ನಾನು ಕಂಡದ್ದು ವಿರಳ. ತರಗತಿಯ ಶಿಕ್ಷಕಿಯವರು ಆಕೆಯ ಒಪ್ಪಿಗೆ ಪಡೆದು, ಚೀಲದ ವಿಷಯವನ್ನು ಎಲ್ಲ ಮಕ್ಕಳಿಗೂ ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ತಿಳಿಸಿದರು. ಬುದ್ಧಿವಂತಿಕೆಯ ಕೆಲಸ! ಕುತೂಹಲ ತೀರಿದ ಮೇಲೆ ಮಕ್ಕಳು ಚೇಷ್ಟೆ ಬಿಟ್ಟರು. ಚೆಂಡು ಬಡಿಯದಂತೆ ಅವರೇ ಕಾವಲು ನಿಂತರು.

ನೀರು ತುಂಬಿಸಲು ವಾರಕ್ಕೊಮ್ಮೆ ಹುನಗುಂದದ ಮೇಲೆ ಬಾಗಲಕೋಟೆಗೆ ಹೋಗಬೇಕಿತ್ತು. ಅಲ್ಲಿ 2002ರಿಂದ ವೈದ್ಯಕೀಯ ಕಾಲೇಜಿರುವುದು ನಮ್ಮ ಸೀಮೆಯ ಭಾಗ್ಯ. ಆದರೆ ಹೋದ ದಿನ ಮಗ್ಗ ನಿಲ್ಲುತ್ತದೆ, ಕೂಲಿಯೂ ನಿಲ್ಲುತ್ತದೆ. ಹೋಗದಿದ್ದರೆ ಚರ್ಮ ಹಿಗ್ಗದು. ನಂಜಾದದ್ದು ಹೊತ್ತಿಗೆ ಸರಿಯಾಗಿ ತಿಳಿಯದಿದ್ದರೆ ಚೀಲವನ್ನೇ ತೆಗೆಯಬೇಕಾದೀತು. ಹನ್ನೊಂದು ಸಲದ ಬಸ್ಸಿನ ಖರ್ಚನ್ನು ನಾವು ಶಿಕ್ಷಕರ ಕೋಣೆಯಲ್ಲಿಯೇ ಕೂಡಿಸಿದೆವು. ಪುಸ್ತಕಕ್ಕೆ, ಸಮವಸ್ತ್ರಕ್ಕೆ ನಮ್ಮಲ್ಲಿ ದತ್ತಿಗಳಿವೆ. ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವ ತಂದೆಯ ಒಂದು ದಿನದ ಕೂಲಿಗೆ ಇಲ್ಲ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಮನಸ್ಸು ಮಾಡಿದರೆ ಅದಕ್ಕೊಂದು ಖಾತೆ ತೆರೆಯಬಹುದು. ಈ ವರ್ಷ ಐದನೆಯ ತರಗತಿಗೆ ಟೊಪ್ಪಿಗೆಯ ಹುಡುಗನೊಬ್ಬ ಸೇರಿದ್ದಾನೆ.