ದೊರೆಮಗನನ್ನು ಬೆಳೆಸಿದಾಕೆ

ಶಿವಮೊಗ್ಗ

ಪ್ರೀತಿಯ ಗೆಳತಿ,

ನಿಮ್ಮ ಪತ್ರ ತಲುಪಿತು. ಭದ್ರಾವತಿಯ ಪೇಪರ್‌ಟೌನಿನಲ್ಲಿ ದಿನವೂ ಮನೆಪಾಠ ಹೇಳುವ ನಿಮಗೆ ಮೇರಿಯನ್ ಕ್ರಾಫರ್ಡಳ ಕಥೆ ಓದಿ ಕರುಳು ಚುರ್ರೆಂದಿದ್ದು ಸಹಜವೇ. ರಾಜಕುಮಾರಿಯರಾದ ಎಲಿಜಬೆತ್, ಮಾರ್ಗರೆಟ್ ಇಬ್ಬರಿಗೂ ವರ್ಷಗಟ್ಟಲೆ ಪಾಠ ಹೇಳಿದಾಕೆ. 1950ರಲ್ಲಿ ಆ ಮಕ್ಕಳ ಬಗ್ಗೆ ಪುಸ್ತಕ ಬರೆದಳೆಂದು ಅರಮನೆ ಆಕೆಯನ್ನು ದೂರವಿಟ್ಟಿತು. ಅಷ್ಟು ವರ್ಷಗಳ ಅಕ್ಕರೆಗೆ ಇದು ತೀರಾ ಕಠಿಣ ಶಿಕ್ಷೆ ಎಂದೇ ನನಗನ್ನಿಸುತ್ತದೆ.

ನಮ್ಮ ಕಡೆ ಅಂಥವರು ಯಾರು ಎಂದು ಕೇಳಿದ್ದೀರಿ. ಮೈಸೂರಿನಲ್ಲಿ ಬ್ರಿಟಿಷರು ಈ ಹೊಣೆಯನ್ನು ಗಂಡಸರಿಗೇ ವಹಿಸಿದ್ದರು: ಚಾಮರಾಜೇಂದ್ರ ಒಡೆಯರಿಗೆ ಮ್ಯಾಲೆಸನ್, ನಾಲ್ವಡಿಯವರಿಗೆ ಸ್ಟುವರ್ಟ್ ಫ್ರೇಸರ್. ನನ್ನ ಮನಸ್ಸು ಮಾತ್ರ ನಮ್ಮ ಮಲೆನಾಡಿನ ಚೆನ್ನಮ್ಮಾಜಿಯ ಕಡೆಗೇ ಎಳೆಯುತ್ತದೆ.

ಇಲ್ಲಿ ತುಂಗೆಯ ದಡದ ಅರಮನೆಗೆ ಹೆಸರು ಕೊಟ್ಟ ಶಿವಪ್ಪ ನಾಯಕನ ಸೊಸೆ ಆಕೆ. ಗಂಡ ಸೋಮಶೇಖರ ನಾಯಕ ತೀರಿಕೊಂಡ ಮೇಲೆ 1672ರಿಂದ 1697ರವರೆಗೆ ಬಿದನೂರಿನಿಂದ ಕೆಳದಿ ರಾಜ್ಯವನ್ನಾಳಿದಳು. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿರಲಿಲ್ಲ; ಬಸಪ್ಪನನ್ನು ದತ್ತು ತೆಗೆದುಕೊಂಡಳು. ಔರಂಗಜೇಬನ ಸೈನ್ಯ ಬೆನ್ನಟ್ಟಿದ್ದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳೂ ಆಕೆಯೇ. ನಂಬಿ ಬಂದವರನ್ನು ಕೈಬಿಡಬಾರದೆಂಬ ಪಾಠವನ್ನು ಮಗನಿಗೆ ಬೇರೆ ಹೇಳಿಕೊಡಬೇಕಿತ್ತೇ?

ಆ ಬಸಪ್ಪ ಮುಂದೆ ದೊರೆಯಾಗಿ ಸಂಸ್ಕೃತದಲ್ಲಿ ‘ಶಿವತತ್ತ್ವ ರತ್ನಾಕರ’ ಬರೆದ. 108 ತರಂಗಗಳ ವಿಶ್ವಕೋಶ ಅದು. ಕೆಳದಿ ಅರಸರ ಚರಿತ್ರೆ, ಸಂಗೀತ, ವೈದ್ಯ, ಆನೆ ಕುದುರೆಗಳ ಲಕ್ಷಣ, ಅಡುಗೆ ಎಲ್ಲವೂ ಅದರಲ್ಲಿವೆ. ನೀವು ಗಮನಿಸಬೇಕಾದದ್ದು ಅದರ ರೀತಿಯನ್ನು. ಮಗ ಕೇಳುತ್ತಾನೆ, ಅಪ್ಪ ಹೇಳುತ್ತಾ ಹೋಗುತ್ತಾನೆ. ರಾಜ್ಯಭಾರದ ನಡುವೆ ಕೂತು ಪಾಕಶಾಸ್ತ್ರವನ್ನೂ ಬಿಡದೆ ಮಗನಿಗೆ ವಿವರಿಸುವ ತಾಳ್ಮೆ ಒಬ್ಬ ದೊರೆಗೆ ಬಂದಿದ್ದರೆ, ಅವನನ್ನು ಬೆಳೆಸಿದ ಮನೆಯಲ್ಲಿ ಆ ತಾಳ್ಮೆ ಇತ್ತೆಂದೇ ನಾನು ನಂಬುತ್ತೇನೆ. ಇನ್ನೂ ಒಂದು ಮಾತು: ಹಾಗೆ ಕೇಳುವ ಆ ಮಗನ ಹೆಸರೂ ಸೋಮಶೇಖರ. ಸಾಕುತಾಯಿಯ ಗಂಡನ ಹೆಸರನ್ನೇ ಬಸಪ್ಪ ಮಗನಿಗಿಟ್ಟಿದ್ದ. ಇದು ತಿಳಿದ ದಿನ ನನಗೆ ಕಣ್ಣು ತುಂಬಿ ಬಂತು.

ಮುಂದಿನ ರಜೆಗೆ ಬನ್ನಿ, ನಿಮ್ಮ ಪಾಠದ ಮಕ್ಕಳೂ ಬರಲಿ. ಅರಮನೆಯ ಅಂಗಳದ ವೀರಗಲ್ಲುಗಳನ್ನು ನೋಡಿಕೊಂಡು, ಅಲ್ಲಿಂದ ಬಿದನೂರಿಗೆ, ಅಂದರೆ ಈಗಿನ ನಗರಕ್ಕೆ, ಹೋಗೋಣ. ಬುತ್ತಿ ನಾನು ಕಟ್ಟುತ್ತೇನೆ.

ಪ್ರೀತಿಯಿಂದ,
ನಿಮ್ಮ ಗೆಳತಿ