ಎಸ್.ಪಿ. ರಸ್ತೆಗೆ ಹೋಗುವಾಗ ಒಂದು ರವಿಕೆ ಕಣ ಜೊತೆಗಿರಲಿ

ಬೆಂಗಳೂರಿಗೆ ಹೋದರೆ ರೇಷ್ಮೆ ಸೀರೆಗೆ ಚಿಕ್ಕಪೇಟೆ, ಹೂವಿಗೆ ಕೆ.ಆರ್. ಮಾರ್ಕೆಟ್ಟು, ಮಕ್ಕಳ ಪುಸ್ತಕಕ್ಕೆ ಅವೆನ್ಯೂ ರಸ್ತೆ ಎಂಬುದು ನಮಗೆಲ್ಲ ಬಾಯಿಪಾಠ. ಇವೆಲ್ಲದರ ಮಗ್ಗುಲಲ್ಲೇ ಇರುವ ಎಸ್.ಪಿ. ರಸ್ತೆಯ ಹೆಸರನ್ನು ಮಾತ್ರ ಗಂಡಸರ ಬಾಯಲ್ಲಿ ಕೇಳಿದ್ದೇ ಹೆಚ್ಚು. ಕಂಪ್ಯೂಟರು, ಲ್ಯಾಪ್‌ಟಾಪು, ಅವುಗಳ ಬಿಡಿಭಾಗಗಳು, ವೈರು, ಮೋಟಾರು ಸಿಗುವ ಬೀದಿ ಅದು. ಅಲ್ಲಿ ನಮಗೇನು ಕೆಲಸ ಅಂತೀರಾ? ಕೆಲಸ ಇದೆ. ಮನೆಯಲ್ಲೇ ಕೂತು ಸೀರೆ ಮಾರುವವರು, ಕೇಕು ಮಾಡುವವರು, ಸೆರಗಿಗೆ ಕುಚ್ಚು ಕಟ್ಟುವವರು, ಎಲ್ಲರಿಗೂ ಇವತ್ತು ಫೋಟೊ ಬೇಕು. ತೆಗೆದರೆ ಸಾಲದು, ಅದನ್ನು ತಿದ್ದಿ ತೀಡಿ ಚೆಂದ ಮಾಡಬೇಕು. ಅಂಗೈಯಗಲದ ಮೊಬೈಲಿನಲ್ಲಿ ಎಷ್ಟು ದಿನ ಕಣ್ಣು ಕಿರಿದು ಮಾಡಿಕೊಂಡು ಕೂರುವುದು?

ತಿಪಟೂರಿನಲ್ಲಿರುವ ನನ್ನ ಓರಗಿತ್ತಿ ಸೀಮಂತ, ನಾಮಕರಣಗಳಿಗೆ ಫೋಟೊ ತೆಗೆಯುತ್ತಾಳೆ. ಹೆಂಗಸರೇ ಸೇರುವ ಕಾರ್ಯಕ್ಕೆ ಹೆಂಗಸೇ ಕ್ಯಾಮೆರಾ ಹಿಡಿದು ಬಂದರೆ ಎಲ್ಲರಿಗೂ ಸಲೀಸು ನೋಡಿ. ತಿದ್ದುವ ಕೆಲಸವೆಲ್ಲ ಮಗ ಬಿಟ್ಟುಹೋದ ಹಳೇ ಲ್ಯಾಪ್‌ಟಾಪಿನಲ್ಲಿ ನಡೆಯುತ್ತಿತ್ತು. 2025ರಲ್ಲಿ ಒಂದು ಸೀಮಂತದ ಆಲ್ಬಂ ಅಚ್ಚಾಗಿ ಬಂದಾಗ ಅರಿಶಿನ ಹಚ್ಚಿದ ಬಸುರಿಯ ಕೆನ್ನೆ ಕಿತ್ತಳೆ ಹಣ್ಣಾಗಿತ್ತು, ಎಲೆಹಸಿರಿನ ಸೀರೆ ಗಿಳಿಹಸಿರಾಗಿತ್ತು. ಆ ಮನೆಯವರು ಅರ್ಧ ಹಣ ಹಿಡಿದುಕೊಂಡರು. ಹಣ ಹೋದರೆ ಹೋಗಲಿ, ಚಿಕ್ಕ ಊರಿನಲ್ಲಿ ಮಾತು ಹಬ್ಬುವುದಕ್ಕೆ ಎಷ್ಟು ಹೊತ್ತು? ಎರಡು ಕಾರ್ಯ ಕೈತಪ್ಪಿದವು.

ಕೈ ಅವಳದು ಪಳಗಿದ ಕೈಯೇ. ಮೋಸ ಮಾಡಿದ್ದು ಪರದೆ. ಅಗ್ಗದ ಪರದೆ ಬಣ್ಣಗಳನ್ನೆಲ್ಲ ಸಪ್ಪೆಯಾಗಿ ತೋರಿಸುತ್ತದೆ. ನಾವು ಉಪ್ಪು ಕಡಿಮೆಯಾಯಿತೆಂದು ಮತ್ತೆ ಹಾಕಿದ ಹಾಗೆ ಬಣ್ಣ ಏರಿಸುತ್ತೇವೆ. ಅಚ್ಚಿನ ಯಂತ್ರಕ್ಕೆ ನಮ್ಮ ಪರದೆಯ ಸಂಕಟ ತಿಳಿಯುವುದುಂಟೆ? ಕೊಟ್ಟಷ್ಟನ್ನೂ ಹಾಕಿ ಕಳಿಸುತ್ತದೆ.

ಚೀಟಿ ಎತ್ತಿದ 50,000 ರೂಪಾಯಿ ಅವಳ ಕೈಯಲ್ಲಿತ್ತು. ಮೈದುನರು, “ಮೊಬೈಲಿನಲ್ಲೇ ಆಗೋದಿಲ್ವೇನೇ? ಅದಕ್ಕೆ ಅಷ್ಟು ದುಡ್ಡು ಸುರೀತೀಯಾ?” ಎಂದು ನಾಲ್ಕು ಸಲ ಕೇಳಿದ್ದರು. ತಪ್ಪು ವಸ್ತು ತಂದರೆ ಐದನೆಯ ಸಲ ಕೇಳುವುದಿಲ್ಲ, ಸುಮ್ಮನೆ ನೋಡುತ್ತಾರೆ. ಅದು ಇನ್ನೂ ಕಷ್ಟ! ಹಾಗಾಗಿ 2025ರ ಆಗಸ್ಟಿನಲ್ಲಿ ಅವಳೂ ನಾನೂ ಕೂಡಿಯೇ ಹೊರಟೆವು.

ಹೋಗುವುದು ಸುಲಭ. ರೈಲಿನಲ್ಲೋ ಬಸ್ಸಿನಲ್ಲೋ ಮೆಜೆಸ್ಟಿಕ್‌ಗೆ ಬಂದು, ಮೆಟ್ರೊ ಹಸಿರು ಮಾರ್ಗ ಹಿಡಿದರೆ ಚಿಕ್ಕಪೇಟೆಯ ಮುಂದಿನ ನಿಲ್ದಾಣವೇ ಕೆ.ಆರ್. ಮಾರ್ಕೆಟ್. ಅಲ್ಲಿಂದ ಪುರಭವನದ ದಿಕ್ಕಿಗೆ ನಡೆಯುತ್ತಾ ಯಾರನ್ನು ಕೇಳಿದರೂ ಎಸ್.ಪಿ. ರಸ್ತೆ ತೋರಿಸುತ್ತಾರೆ. ಭಾನುವಾರ ಮಾತ್ರ ಬೇಡ, ಬಹುಪಾಲು ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ. ಹನ್ನೊಂದರ ಸುಮಾರಿಗೆ ಹೋದರೆ ಅಂಗಡಿಯವರು ದೇವರ ಪಟಕ್ಕೆ ಊದಿನಕಡ್ಡಿ ಹಚ್ಚಿ ಆಗತಾನೇ ಕೂತಿರುತ್ತಾರೆ. ಬೋಣಿ ಹೊತ್ತಿನಲ್ಲಿ ಗಿರಾಕಿಯನ್ನು ಬರಿಗೈಲಿ ಕಳಿಸಲು ಮನಸ್ಸು ಬರುವುದಿಲ್ಲ, ಚೌಕಾಸಿಗೆ ಒಳ್ಳೆಯ ಸಮಯ.

ಇದು ಬೆಂಗಳೂರಿನ ಹಳೆಯ ಪೇಟೆ. ಹತ್ತಿರದಲ್ಲೇ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿ ಇದೆ. ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಹೊರಡುವುದು ಅಲ್ಲಿಂದಲೇ. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂದಾಗ ಮೊದಲ ಬೀದಿದೀಪ ಹೊತ್ತಿದ್ದೂ ಮಾರ್ಕೆಟ್ಟಿನ ಬಳಿಯೇ. ಈಗ ಅದೇ ಪೇಟೆಯ ಬೀದಿಯಲ್ಲಿ ತಲೆಯ ಮೇಲೆ ಬಲೆ ಬಲೆಯಾಗಿ ವೈರು, ಕಾಲ ಬಳಿ ಕೈಗಾಡಿ, ಪಕ್ಕದಲ್ಲಿ ಕಿವಿಗೇ ಹಾರ್ನು ಹೊಡೆಯುವ ಸ್ಕೂಟರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಚೀಲ ಎದೆಗವಚಿಕೊಂಡು ನಡೆಯಿರಿ. ಕನ್ನಡ, ಹಿಂದಿ, ಉರ್ದು, ತಮಿಳು ಎಲ್ಲ ಕಲಸಿದ ಮಾತು. “ಬನ್ನಿ ಮೇಡಂ, ಏನು ಬೇಕು ಮೇಡಂ” ಎಂದು ಕರೆಯುವ ಹುಡುಗರು ಚಿಕ್ಕಪೇಟೆಯ ಸೀರೆ ಅಂಗಡಿಯವರಿಗೆ ಏನೂ ಕಡಿಮೆಯಿಲ್ಲ.

ಆ ಹುಡುಗರ ಮೊದಲ ಪ್ರಶ್ನೆ, “ಬಜೆಟ್ ಎಷ್ಟು?” ಅದಕ್ಕೆ ಉತ್ತರ ಕೊಡುವ ಅವಸರ ಬೇಡ. “ಫೋಟೊ ತಿದ್ದುವುದಕ್ಕೆ ಬೇಕು, ಅಚ್ಚು ಹಾಕಿಸುತ್ತೇವೆ, ಬಣ್ಣ ಸರಿ ಇರಬೇಕು” ಎಂದಷ್ಟೇ ಹೇಳಿ. ನಮ್ಮ ಮುಂದೆ ತಕ್ಷಣ ಒಬ್ಬ ಗೇಮಿಂಗ್ ಲ್ಯಾಪ್‌ಟಾಪು ತೆರೆದಿಟ್ಟ. ಕೀಲಿಮಣೆಯಲ್ಲಿ ಕೆಂಪು ನೀಲಿ ದೀಪ ಓಡಾಡುತ್ತಿದ್ದವು, ದಸರಾ ಬೊಂಬೆ ಕೂರಿಸಿದ ಹಾಗೆ. ಬೆಲೆ ನಮ್ಮ ಗಂಟಿಗಿಂತ ಹದಿನೈದು ಸಾವಿರ ಹೆಚ್ಚು. ಅದರೊಳಗಿನ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಆಟಕ್ಕೆ, ವಿಡಿಯೊಕ್ಕೆ ಬೇಕು. ಫೋಟೊದ ಬೆಳಕು, ಬಣ್ಣ ತಿದ್ದುವವರಿಗೆ ಅದಿಲ್ಲದೆಯೂ ನಡೆಯುತ್ತದೆ. ತಮಾಷೆಯೆಂದರೆ, ಅಷ್ಟು ಬೆಲೆಯ ಆ ಯಂತ್ರದ ಪರದೆಯೂ ಸಪ್ಪೆಯೇ.

ತಿಳಿದದ್ದು ಹೇಗೆ ಗೊತ್ತೇ? ರವಿಕೆ ಕಣದಿಂದ. ಓರಗಿತ್ತಿ ಊರಿನಿಂದಲೇ ಒಂದು ಕುಂಕುಮ ಬಣ್ಣದ ರೇಷ್ಮೆ ಕಣ, ಅದೇ ಕಣದ ಫೋಟೊ, ಜೊತೆಗೆ ತಾನು ತೆಗೆದ ಹತ್ತು ಚಿತ್ರಗಳನ್ನು ಪೆನ್‌ಡ್ರೈವಿನಲ್ಲಿ ತಂದಿದ್ದಳು. ಸೀರೆ ಕೊಳ್ಳುವಾಗ ಟ್ಯೂಬ್‌ಲೈಟಿನ ಕೆಳಗೆ ನೋಡಿ ನಂಬುತ್ತೇವೆಯೇ? ಬಾಗಿಲಿಗೆ ತಂದು ಬಿಸಿಲ ಬೆಳಕಿಗೆ ಹಿಡಿಯುತ್ತೇವೆ. ಇಲ್ಲೂ ಅದೇ ಪರೀಕ್ಷೆ. ಒಂದೇ ಫೋಟೊವನ್ನು ಮೂರು ಲ್ಯಾಪ್‌ಟಾಪುಗಳಲ್ಲಿ ತೆರೆಸಿ ಸಾಲಾಗಿ ಇಡಿಸಿದಳು, ಬೆಳಕು ಮೂರಕ್ಕೂ ಸಮ ಮಾಡಿಸಿದಳು, ಕಣವನ್ನು ಬಾಗಿಲ ಬೆಳಕಿಗೆ ಹಿಡಿದು ಹೋಲಿಸಿದಳು. ಒಂದರಲ್ಲಿ ಕುಂಕುಮ ಇಟ್ಟಿಗೆ ಬಣ್ಣವಾಗಿತ್ತು, ಇನ್ನೊಂದರಲ್ಲಿ ತೊಳೆದ ಹಳೇ ಬಟ್ಟೆಯಂತಿತ್ತು, ಮೂರನೆಯದು ಕಣಕ್ಕೆ ಬಹಳ ಹತ್ತಿರ. ಹುಡುಗನೇ ಬೆರಗಾಗಿ, “ಆಂಟಿ, ಹೀಗೆ ಯಾರೂ ನೋಡಲ್ಲ” ಅಂದ.

ಆಮೇಲೆ ಪಾತ್ರೆಗೆ ತಗ್ಗು ಬಿದ್ದಿದೆಯೇ ಎಂದು ವಾರೆಯಿಂದ ನೋಡುತ್ತೇವಲ್ಲ, ಹಾಗೆ ಪರದೆಯನ್ನು ಎಡದಿಂದ, ಬಲದಿಂದ, ಬಗ್ಗಿ ಕೆಳಗಿನಿಂದ ನೋಡಿ. ಟಿಎನ್ ಎಂಬ ಅಗ್ಗದ ಜಾತಿಯ ಪರದೆಯಾದರೆ ಕೆಳಗಿನಿಂದ ನೋಡುವಾಗ ಮುಖವೆಲ್ಲ ಕಪ್ಪಿಡುತ್ತದೆ. ಐಪಿಎಸ್ ಜಾತಿಯದು ಹೇಗೆ ನೋಡಿದರೂ ಬಣ್ಣ ಬಿಡುವುದಿಲ್ಲ. ಹಾಗೆಂದು ಐಪಿಎಸ್ ಅಂದಾಕ್ಷಣ ತೃಪ್ತಿಪಡಬೇಡಿ. ಪೆಟ್ಟಿಗೆಯ ಮೇಲೋ ಕಂಪನಿಯ ವಿವರಪಟ್ಟಿಯಲ್ಲೋ ಒಂದು ಅಂಕಿ ಇರುತ್ತದೆ, ಅದನ್ನು ಕೇಳಿ. “ಎಸ್‌ಆರ್‌ಜಿಬಿ 100 ಶೇಕಡಾ” ಎಂದಿದ್ದರೆ ನಿಶ್ಚಿಂತೆ. ಸಾಮಾನ್ಯವಾಗಿ ಫೋಟೊ ಅಚ್ಚು ಹಾಕುವ ಲ್ಯಾಬಿನವರೂ ಇದೇ ಅಳತೆಯ ಬಣ್ಣದಲ್ಲಿ ಫೈಲು ಕೇಳುತ್ತಾರೆ. “ಎನ್‌ಟಿಎಸ್‌ಸಿ 45 ಶೇಕಡಾ” ಎಂದಿದ್ದರೆ ಆ ಅಳತೆಯ ಮೂರರಲ್ಲಿ ಎರಡು ಪಾಲು ಬಣ್ಣವೂ ಕಾಣುವುದಿಲ್ಲ. ಎನ್‌ಟಿಎಸ್‌ಸಿ 72 ಎಂದಿದ್ದರೆ ಹೆಚ್ಚುಕಡಿಮೆ ಪೂರ್ತಿ ಎಂದೇ ಲೆಕ್ಕ. ಅಂಗಡಿಯಲ್ಲಿ ಈ ಅಂಕಿಯನ್ನು ತಾವಾಗಿ ಯಾರೂ ಹೇಳಲಿಲ್ಲ, ಕೇಳಿದ ಮೇಲೆ ಒಬ್ಬ ಕಂಪನಿಯ ಪಟ್ಟಿ ಹುಡುಕಿ ತೋರಿಸಿದ. ಓಎಲ್‌ಇಡಿ ಪರದೆ ಕಣ್ಣಿಗೆ ಹಬ್ಬವೇ ಸರಿ, ಆದರೆ ನಮಗೆ ತೋರಿಸಿದ್ದರ ಬೆಲೆ ನಮ್ಮ ಗಂಟನ್ನು ಮೀರಿತ್ತು.

ಒಳಗಿನ ಸಂಗತಿಗಳಲ್ಲಿ ರ್‍ಯಾಮ್ ಅನ್ನುವುದು ನಮ್ಮ ಅಡಿಗೆಮನೆಯ ಕಟ್ಟೆ ಇದ್ದ ಹಾಗೆ. ಕಟ್ಟೆ ಅಗಲವಿದ್ದರೆ ಹೆಚ್ಚುವುದು, ರುಬ್ಬುವುದು, ಒಗ್ಗರಣೆ ಎಲ್ಲ ಒಟ್ಟಿಗೆ ನಡೆಯುತ್ತದೆ. ಫೋಟೊ ಕೆಲಸಕ್ಕೆ 16 ಜಿಬಿ ಇರಲಿ. 8 ಜಿಬಿಯದನ್ನೇ ಕೊಳ್ಳುವುದಾದರೆ ಮುಂದೆ ಸೇರಿಸಲು ಖಾಲಿ ಜಾಗ ಇದೆಯೋ, ಇಲ್ಲ ಬೆಸುಗೆ ಹಾಕಿ ಮುಗಿಸಿದ್ದಾರೋ ಕೇಳಿಕೊಳ್ಳಿ. ಬೆಸುಗೆ ಹಾಕಿದ್ದನ್ನು ಆಮೇಲೆ ಹಿಗ್ಗಿಸಲಾಗದು. ನಾವು ಕೊಂಡು ಬಂದ ಮೇಲೆ, 2025ರ ಕೊನೆಯಿಂದ, ರ್‍ಯಾಮ್ ಬೆಲೆ ಜಗತ್ತಿನಲ್ಲೆಲ್ಲ ಜೋರಾಗಿ ಏರಿತು; ಆದ್ದರಿಂದ ಇಲ್ಲಿ ನಾನು ಬರೆಯುವ ಬೆಲೆಗಳನ್ನು ಅಂದಿನ ಬೆಲೆ ಎಂದೇ ತಿಳಿಯಿರಿ. ಡಿಸ್ಕು ಎಸ್‌ಎಸ್‌ಡಿಯೇ ಆಗಿರಲಿ, 512 ಜಿಬಿ ಇದ್ದರೆ ಸಾಕು.

ಪ್ರೊಸೆಸರಿನ ಬಗ್ಗೆ ಅಂಗಡಿಯವರು ಆಡುವ ಮಾತಿಗೆ ಕೊನೆಯಿಲ್ಲ. “ಐ7 ತಗೊಳ್ಳಿ ಮೇಡಂ” ಅನ್ನುತ್ತಾರೆ. ಹಳೇ ಐ7ಗಿಂತ ಹೊಸ ಐ5 ಎಷ್ಟೋ ಸಲ ಚುರುಕು. ರೈಜನ್ 7000 ಸಾಲಿನಲ್ಲಿ ಒಂದು ಗುಟ್ಟಿದೆ, ಮೂರನೆಯ ಅಂಕಿ ನೋಡಬೇಕು. 7520ರಲ್ಲಿ ಮೂರನೆಯದು 2, ಅಂದರೆ ಒಳಗಿರುವುದು 2019ರ ವಿನ್ಯಾಸ. 7530ರಲ್ಲಿ 3, ಅದು 2020ರದು. 7640ರಲ್ಲಿ 4, ಇನ್ನೂ ಹೊಸದು. ಹೆಸರು ನೋಡಿದರೆ ಎಲ್ಲವೂ ಅಕ್ಕತಂಗಿಯರಂತೆ ಕಾಣುತ್ತವೆ!

ಹೊಸದರಲ್ಲಿ ಪರದೆ, ರ್‍ಯಾಮ್ ಎರಡೂ ಚೆನ್ನಾಗಿರುವುದು 50,000ದೊಳಗೆ ಅಂದು ನಮಗೆ ಸಿಗಲಿಲ್ಲ. ಇನ್ನೊಂದು ದಾರಿ ಇದ್ದದ್ದು ಮಹಡಿಯ ಮೇಲೆ. ಕಿರಿದಾದ ಮೆಟ್ಟಿಲು ಹತ್ತಿದರೆ ಬಳಸಿದ ಲ್ಯಾಪ್‌ಟಾಪುಗಳ ಅಂಗಡಿ. ಬೆಂಗಳೂರಿನ ದೊಡ್ಡ ಕಚೇರಿಗಳು ಮೂರು ನಾಲ್ಕು ವರ್ಷ ಬಳಸಿ ಒಟ್ಟಿಗೆ ಮಾರುವ ಯಂತ್ರಗಳು ಇಂಥಲ್ಲಿಗೆ ಬರುತ್ತವೆ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಎಂಬ ಹೆಸರಿನವು. ಗಟ್ಟಿಮುಟ್ಟು, ಬಿಡಿಭಾಗ ಸಿಗುತ್ತದೆ, ರಿಪೇರಿ ಸುಲಭ. ಆದರೆ ಲೆಕ್ಕಪತ್ರ ಬರೆಯಲು ಮಾಡಿದ ಯಂತ್ರಗಳಲ್ಲವೇ, ಬಹಳಷ್ಟರಲ್ಲಿ ಅದೇ 45ರ ಸಪ್ಪೆ ಪರದೆ.

ಇದಕ್ಕೆ ಓರಗಿತ್ತಿ ಕಂಡುಕೊಂಡ ಉಪಾಯ ನನಗೆ ಬಹಳ ಹಿಡಿಸಿತು. ಅವಳು ಫೋಟೊ ತಿದ್ದುವುದು ಮನೆಯಲ್ಲಿ ಕೂತು, ರಾತ್ರಿ ಊಟ ಆದ ಮೇಲೆ. ಹಾಗಿದ್ದ ಮೇಲೆ ಒಳ್ಳೆಯ ಪರದೆ ಲ್ಯಾಪ್‌ಟಾಪಿನಲ್ಲೇ ಇರಬೇಕೆಂಬ ಹಟ ಯಾಕೆ? ಬಳಸಿದ ಗಟ್ಟಿ ಲ್ಯಾಪ್‌ಟಾಪು, ಅದಕ್ಕೆ ತಗಲಿಸಲು ಹೊಸದೊಂದು 24 ಅಂಗುಲದ ಐಪಿಎಸ್ ಮಾನಿಟರು. ಹನ್ನೊಂದನೆಯ ತಲೆಮಾರಿನ ಐ5, 16 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ ಇದ್ದದ್ದಕ್ಕೆ 34,000 ಹೇಳಿ, 30,000ಕ್ಕೆ ಬಂದ. ಕಣ ಹಿಡಿದು ಪರೀಕ್ಷೆ ಮಾಡಿ ಕೊಂಡ ಮಾನಿಟರಿಗೆ 9,800. ಫೋಟೊಗಳ ಎರಡನೆಯ ಪ್ರತಿ ಇಡಲು ಹೊರಗಿನ ಹಾರ್ಡ್ ಡಿಸ್ಕು 5,200. ಮುಗಿದ ಸೀಮಂತವನ್ನು ಫೋಟೊಕ್ಕಾಗಿ ಮತ್ತೆ ಮಾಡಲು ಬರುವುದಿಲ್ಲವಲ್ಲ, ಹಾಗಾಗಿ ಇದೊಂದು ಬಿಡಬಾರದ ಖರ್ಚು. ಒಟ್ಟು 45,000.

ಬಳಸಿದ್ದು ಕೊಳ್ಳುವಾಗ ನೋಡಬೇಕಾದದ್ದು ಇಷ್ಟು. ಇಂಟೆಲ್ ಆದರೆ ಎಂಟನೆಯ ತಲೆಮಾರಿಗಿಂತ ಹಿಂದಿನದು ಬೇಡ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಅದಕ್ಕಿಂತ ಹಳೆಯ ಯಂತ್ರಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಅಂಥವನ್ನು “ಚೀಪ್ ಮೇಡಂ” ಎಂದು ಮುಂದೆ ತಳ್ಳುತ್ತಾರೆ, ಹಿಂದಕ್ಕೆ ತಳ್ಳಿಬಿಡಿ. ಬ್ಯಾಟರಿ ರಿಪೋರ್ಟ್ ತೆಗೆದು ತೋರಿಸಲು ಹೇಳಿ. ಹೊಸತಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎರಡೂ ಅದರಲ್ಲಿರುತ್ತದೆ. ಪರದೆ ಪೂರ್ತಿ ಬಿಳಿ ಮಾಡಿಸಿ ಚುಕ್ಕೆ ಹುಡುಕಿ. ಪ್ರತಿಯೊಂದು ಕೀಲಿ ಒತ್ತಿ. ನಾವು ಇದೆಲ್ಲ ಮಾಡುವಷ್ಟರಲ್ಲಿ ಅಂಗಡಿಯವನು ಎರಡು ಸಲ ಟೀ ತರಿಸಿಕೊಂಡ, ನಮಗೂ ಕೊಟ್ಟ. ಜಿಎಸ್‌ಟಿ ಬಿಲ್ಲು ಬೇಡವೆಂದರೆ ಕಡಿಮೆ ಮಾಡುತ್ತೇನೆ ಅಂದ. ಬೇಡ ಅನ್ನಬೇಡಿ. ಯಂತ್ರದ ಅಡಿಯಲ್ಲಿರುವ ಸೀರಿಯಲ್ ನಂಬರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಎಷ್ಟು ತಿಂಗಳ ಗ್ಯಾರಂಟಿ ಎಂಬುದನ್ನೂ ಬರೆಸಿಕೊಳ್ಳಿ. ಬಾಯಿಮಾತು ಮೆಟ್ಟಿಲಿಳಿಯುವಷ್ಟರಲ್ಲಿ ಮರೆತುಹೋಗುತ್ತದೆ.

“ಫೋಟೊಶಾಪ್ ಫ್ರೀಯಾಗಿ ಹಾಕಿಕೊಡ್ತೀನಿ” ಎಂಬ ಮಾತೂ ಬರುತ್ತದೆ. ಅದು ಕದ್ದ ಪ್ರತಿ, ಜೊತೆಗೆ ವೈರಸ್ ಬರುವ ಅಪಾಯ. ನ್ಯಾಯವಾಗಿಯೇ ಉಚಿತವಾಗಿ ಸಿಗುವ ಜಿಂಪ್, ಡಾರ್ಕ್‌ಟೇಬಲ್ ಎಂಬ ತಂತ್ರಾಂಶಗಳಿವೆ. ಡಾರ್ಕ್‌ಟೇಬಲ್ ಕಲಿಯಲು ಒಂದು ತಿಂಗಳು ಬೇಕು, ಒಪ್ಪುತ್ತೇನೆ. ಓರಗಿತ್ತಿ ಮೊದಲ ವಾರ ಅತ್ತೇಬಿಟ್ಟಳು, ಈಗ ಮೈದುನರಿಗೇ ಪಾಠ ಹೇಳುತ್ತಾಳೆ.

ಮನೆಗೆ ಬಂದ ಮೇಲೆ ಅವಳು ಮಾನಿಟರಿನ ಬೆಳಕನ್ನು ಅರ್ಧಕ್ಕಿಂತ ಕೆಳಗಿಳಿಸಿದಳು. ಪರದೆ ಝಗಮಗಿಸಿದರೆ ಫೋಟೊ ಬೆಳಕಾಗಿದೆ ಎಂದು ನಂಬಿ ಬಿಡುತ್ತೇವೆ, ಅಚ್ಚಾದಾಗ ಕತ್ತಲು. ಇಡೀ ಆಲ್ಬಂ ಕಳಿಸುವ ಮೊದಲು ಒಂದೇ ಒಂದು ಸಣ್ಣ ಪ್ರತಿ ಅಚ್ಚು ಹಾಕಿಸಿ ಕಿಟಕಿಯ ಬೆಳಕಿನಲ್ಲಿ ಪರದೆಯ ಪಕ್ಕ ಹಿಡಿದು ನೋಡುತ್ತಾಳೆ. ಹಳೇ ಸೀಮಂತದ ಮನೆಯವರು ನಾಮಕರಣಕ್ಕೆ ಬೇರೆಯವರನ್ನು ಕರೆದರು. ಅದು ಹೋಯಿತು, ಬಿಡಿ. ಆದರೆ ಅವರ ಹಿಂದಿನ ಬೀದಿಯ ಸೀಮಂತ ಕಾರ್ತಿಕದಲ್ಲಿ ಸಿಕ್ಕಿತು. ಆಲ್ಬಮ್ಮಿನಲ್ಲಿ ಅರಿಶಿನ ಅರಿಶಿನವಾಗಿಯೇ ಬಂದಿದೆ. ಪೂರ್ತಿ ಹಣ ಕೈಗೆ ಬಂತು.

ನೀವು ಮಾನಿಟರು ಕೊಂಡರೆ ಸಂಜೆಯ ನೂಕುನುಗ್ಗಲಿನಲ್ಲಿ ಮೆಟ್ರೊ ಹತ್ತಬೇಡಿ, ಆಟೊ ಹಿಡಿದು ಮೆಜೆಸ್ಟಿಕ್ ಸೇರಿ. ರೈಲಿನಲ್ಲಿ ಪೆಟ್ಟಿಗೆಯನ್ನು ಮಲಗಿಸದೆ ನಿಲ್ಲಿಸಿ ಇಡಿ, ಲ್ಯಾಪ್‌ಟಾಪು ಮಡಿಲಲ್ಲೇ ಇರಲಿ. ಹೊರಡುವ ಮುಂಚೆ ಹೊತ್ತಿದ್ದರೆ ಮಾರ್ಕೆಟ್ಟಿಗೆ ಹೊಕ್ಕು ಬನ್ನಿ. ಉಳಿದ ಐದು ಸಾವಿರದಲ್ಲಿ ನಾವು ಮುರಿದದ್ದು ನಾಲ್ಕು ಮೊಳ ಮಲ್ಲಿಗೆಗೆ ಮತ್ತು ಎರಡು ಮಸಾಲೆ ದೋಸೆಗೆ ಮಾತ್ರ.